ಗೆದ್ದರೆ ನವಾಬ, ಸೋತರೆ ದರೋಡೆಕೋರ

ಧೋಂಡಿಯ ವಾಘ್ ಬಗ್ಗೆ ನಮ್ಮಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ಅವನು ದರೋಡೆಕೋರ ಎನ್ನುವುದು ಒಂದು. ಸ್ವಾತಂತ್ರ್ಯ ಹೋರಾಟಗಾರ ಎನ್ನುವುದು ಇನ್ನೊಂದು. ಮೊದಲನೆಯದು ಅವನನ್ನು ಕೊಂದವರ ಪತ್ರಗಳಿಂದ ಬಂದದ್ದು, ಎರಡನೆಯದು ನಮ್ಮ ಜಯಂತಿ ಭಾಷಣಗಳ ಧಾಟಿಯದ್ದು. ಎರಡೂ ಸೋಮಾರಿ ಮಾತುಗಳೆಂಬುದು ನನ್ನ ತಕರಾರು.

ಚನ್ನಗಿರಿಯ ಮರಾಠ ಮನೆತನದಲ್ಲಿ ಹುಟ್ಟಿದ ಧೋಂಡಿಯ ಹೈದರಾಲಿಯ ಕುದುರೆ ಪಡೆಯಲ್ಲಿದ್ದ, ಮುಂದೆ ಟಿಪ್ಪುವಿನ ಸೆರೆಯಾಳಾದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊರಬಂದ. ಟಿಪ್ಪುವಿನ ಸೈನ್ಯ ಚದುರಿ, ಕತ್ತಿ ಹಿಡಿಯುವುದು ಬಿಟ್ಟರೆ ಬೇರೆ ಕಸುಬಿಲ್ಲದ ಸಿಪಾಯಿಗಳು ಸಂಬಳವಿಲ್ಲದೆ ಬೀದಿಯಲ್ಲಿದ್ದರು. ಅವರು ಇವನ ಬೆನ್ನಿಗೆ ನಿಂತರು. ಬಿದನೂರು ಸೀಮೆ ಅಲುಗಾಡಿತು. ಆಗಸ್ಟ್‌ನಲ್ಲಿ ಕಂಪನಿ ಪಡೆ ಅವನನ್ನು ತುಂಗಭದ್ರೆಯಾಚೆ ಅಟ್ಟಿತು. ಮರುವರ್ಷ ಇನ್ನೂ ದೊಡ್ಡ ದಂಡು ಕಟ್ಟಿದ, ‘ಉಭಯ ಲೋಕಾಧೀಶ್ವರ’ ಎಂದು ಬಿರುದು ಇಟ್ಟುಕೊಂಡ, ಮರಾಠ ಸರದಾರ ಧೋಂಡೋಪಂತ ಗೋಖಲೆಯನ್ನು ಕಾಳಗದಲ್ಲಿ ಕೊಂದ.

ಇವನು ಬರೀ ದರೋಡೆಕೋರನಾಗಿದ್ದರೆ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಲಿದ್ದ ಆರ್ಥರ್ ವೆಲ್ಲೆಸ್ಲಿ ಬಟಾವಿಯಾ ದಂಡಯಾತ್ರೆಯ ನಾಯಕತ್ವ ಬಿಟ್ಟು ಇವನ ಬೆನ್ನು ಹತ್ತಿದ್ದೇಕೆ? ಸಿಕ್ಕ ಮೊದಲ ಮರಕ್ಕೇ ನೇಣು ಹಾಕಿ ಎಂದು ಮದ್ರಾಸ್ ಸರ್ಕಾರ ಅಪ್ಪಣೆ ಕೊಟ್ಟದ್ದೇಕೆ? ಆ ಹೆಸರಿನ ಉಪಯೋಗ ಇಲ್ಲೇ ಇದೆ. ಎದುರಾಳಿ ಎಂದು ಒಪ್ಪಿಕೊಂಡರೆ ಸಂಧಾನದ ಮಾತು ಬರುತ್ತದೆ. ದರೋಡೆಕೋರ ಎಂದುಬಿಟ್ಟರೆ ವಿಚಾರಣೆಯೂ ಬೇಕಿಲ್ಲ.

ಹಾಗೆಂದು ಅವನಿಗೆ ಸ್ವಾತಂತ್ರ್ಯ ಹೋರಾಟಗಾರನ ಪಟ್ಟ ಕಟ್ಟುವವರ ಲೆಕ್ಕವೂ ಸರಿಯಿಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಬಿಟ್ಟು ಹೋದವನು, ಧಾರವಾಡ ಸೀಮೆಯಲ್ಲಿ ಸುಲಿಗೆ ಮಾಡಿದವನು ಇದೇ ಧೋಂಡಿಯ. ಅವನಿಗೆ ಹಾರ ಹಾಕುವ ಭರದಲ್ಲಿ ಕಣಜ ಕಳೆದುಕೊಂಡ ರೈತರನ್ನು ನಾವು ಮರೆಯುತ್ತೇವೆ. ಆ ರೈತರ ಪತ್ರಗಳಂತೂ ಯಾವ ದಫ್ತರದಲ್ಲೂ ಇಲ್ಲ.

ಧೋಂಡಿಯನಿಗೆ ಬೇಕಿದ್ದದ್ದು ಒಂದು ರಾಜ್ಯ. ಅದು ಆ ಕಾಲಕ್ಕೆ ಹುಚ್ಚು ಆಸೆಯೇನಲ್ಲ. ಹೈದರನೂ ಸಿಪಾಯಿಯಾಗಿ ಶುರುಮಾಡಿ 1761ರ ಹೊತ್ತಿಗೆ ಮೈಸೂರನ್ನು ಕೈಗೆ ತೆಗೆದುಕೊಂಡವನೇ. ಹೈದರ್ ಅಂದು ಸೋತಿದ್ದರೆ ಅವನನ್ನೂ ದರೋಡೆಕೋರರ ಪಟ್ಟಿಯಲ್ಲೇ ಓದುತ್ತಿದ್ದೆವು. ಕುದುರೆಯೇರಿದವನು ರಾಜ್ಯ ಕಟ್ಟಬಹುದಾಗಿದ್ದ ಆ ಹಳೆಯ ದಾರಿಯನ್ನು ಶ್ರೀರಂಗಪಟ್ಟಣದ ನಂತರ ಕಂಪನಿ ಮುಚ್ಚಿತು. 1800ರ ಸೆಪ್ಟೆಂಬರ್ 10ರಂದು ಕೋನಗಲ್ ಬಳಿ ನಾಲ್ಕು ಕುದುರೆ ರೆಜಿಮೆಂಟುಗಳು ಧೋಂಡಿಯನ ಮೇಲೆ ಬಿದ್ದದ್ದು ಇದಕ್ಕಾಗಿ. ಅವನ ಪುಟ್ಟ ಮಗ ಸಲಾಬತ್ ಖಾನ್‌ನನ್ನು ವೆಲ್ಲೆಸ್ಲಿ ಸಾಕಿದ, ಭಾರತ ಬಿಡುವಾಗ ಹಣವನ್ನೂ ಇಟ್ಟುಹೋದ. ಇಂಗ್ಲಿಷ್ ಜೀವನಚರಿತ್ರೆಗಳಿಗೆ ಇದು ಪ್ರಿಯವಾದ ಕತೆ. ಆದರೆ ಮಗನಿಗೆ ತೋರಿದ ಕರುಣೆ, ಅಪ್ಪನಿಗೆ ಇಟ್ಟ ಹೆಸರಿಗೆ ಸಮರ್ಥನೆಯಾಗದು.

ಬಂಡುಕೋರರ ಬಗ್ಗೆ ಬರೆಯಹೊರಟ ಗೆಳೆಯರೇ, ಹಾರ ತರುವ ಮುನ್ನ ದಂಡಿನಲ್ಲಿ ಯಾರಿದ್ದರು, ಅವರ ಸಂಬಳ ನಿಲ್ಲಿಸಿದವರು ಯಾರು, ಅವರ ಹೊಟ್ಟೆಗೆ ಯಾವ ಊರಿನ ಜೋಳ ಹೋಯಿತು ಎಂದು ಕೇಳಿ. ಧೋಂಡಿಯನಿಗೂ ಆ ಊರುಗಳಿಗೂ ನಾವು ಅಷ್ಟು ಬಾಕಿ ಇದ್ದೇವೆ.