ಸರ್ವರ್ ಡೌನ್ ಆದ ದಿನ ಯಾರು ಏನು ಮಾಡಬೇಕು?

ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ನಮ್ಮ ಎಸ್.ಎಸ್. ಬಡಾವಣೆಯ ಸೈಬರ್ ಸೆಂಟರ್‌ಗಳಲ್ಲಿ ಸಾಲು ನಿಂತವರಿಗೆ ‘ಸರ್ವರ್ ಡೌನ್’ ಎಂಬ ಮಾತು ಹೊಸದಲ್ಲ. ಸಂಜೆಗೆ ಸರಿಹೋದರೆ ಮರೆತುಬಿಡುತ್ತೇವೆ. ಎರಡು ವಾರ ಸರಿಹೋಗದಿದ್ದರೆ?

ಇದು ಬರೀ ಊಹೆಯಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ನಡೆಯಿತು. ಸುಮಾರು ಎರಡು ವಾರ ರೋಗಿಗಳ ನೋಂದಣಿಯಿಂದ ಲ್ಯಾಬ್ ವರದಿಯವರೆಗೆ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಾಯಿತು. 2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಬ್ಯಾಕಪ್ ತಂತ್ರಾಂಶದ ದೋಷದಿಂದಲೇ ಸುಮಾರು 77 ಟೆರಾಬೈಟ್ ಸಂಶೋಧನಾ ಮಾಹಿತಿ ಅಳಿಸಿಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ನೌಕರರ ಕಡತಗಳಿದ್ದ ಸಂಗ್ರಹಕ್ಕೆ ಬೇರೆಡೆ ಪ್ರತಿಯೇ ಇರಲಿಲ್ಲ.

ನಮ್ಮಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಸೇರಿದಂತೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ, ಫಲಿತಾಂಶದ ಕೆಲಸವನ್ನು 2021-22ರಿಂದ ಯುಯುಸಿಎಂಎಸ್ ಎಂಬ ಒಂದೇ ವ್ಯವಸ್ಥೆಗೆ ತರಲಾಯಿತು. ಇದರಿಂದ ಅನುಕೂಲವಿದೆ. ಆದರೆ ಒಂದೇ ಬಾಗಿಲು ಮುಚ್ಚಿದರೆ ಎಲ್ಲರೂ ಹೊರಗುಳಿಯಬೇಕಾಗುತ್ತದೆ. ಅಂಕಪಟ್ಟಿ ಒಂದು ವಾರ ತಡವಾದರೆ ನೌಕರಿಯ ಅರ್ಜಿಯೇ ಕೈತಪ್ಪಬಹುದು.

ಹಾಗಾಗಿ ಬ್ಯಾಕಪ್ ಇದೆ ಎಂದರಷ್ಟೇ ಸಾಲದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಈ ಕ್ಷೇತ್ರದ ಮೊದಲ ಪಾಠ. ಆ ಪ್ರತಿಯಿಂದ ಮಾಹಿತಿ ನಿಜಕ್ಕೂ ಮರಳಿ ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸುವುದು ಎರಡನೆಯದು. ಯಾವ ಕೆಲಸ ಎಷ್ಟು ಗಂಟೆಯೊಳಗೆ ಮತ್ತೆ ಶುರುವಾಗಬೇಕು, ಅಲ್ಲಿಯವರೆಗೆ ಕಾಗದದಲ್ಲಿ ಹೇಗೆ ನಡೆಸಬೇಕು ಎಂದು ಮೊದಲೇ ಬರೆದಿಡುವುದು ಮೂರನೆಯದು.

ಹೆಚ್ಚಾಗಿ ಎಡವುವುದು ಯಂತ್ರದಲ್ಲಲ್ಲ, ಹೊಂದಾಣಿಕೆಯಲ್ಲಿ. ಹರಿಹರದಲ್ಲಿ ತುಂಗಭದ್ರೆ ಉಕ್ಕಿದಾಗ ಕಾಳಜಿ ಕೇಂದ್ರ ಎಲ್ಲಿ, ಅದರ ಹೊಣೆ ಯಾರದ್ದು ಎಂದು ನೀರು ಮನೆಗೆ ನುಗ್ಗಿದ ಮೇಲೆ ಹುಡುಕುತ್ತಾ ಕೂರಲಾಗದು. ಇಲ್ಲಿಯೂ ಅಷ್ಟೇ. ಸೈಬರ್ ದಾಳಿಯಾದರೆ ಆರು ಗಂಟೆಯೊಳಗೆ ‘ಸರ್ಟ್-ಇನ್’ ಸಂಸ್ಥೆಗೆ ತಿಳಿಸಬೇಕೆಂಬ ನಿರ್ದೇಶನ 2022ರಲ್ಲೇ ಬಂದಿದೆ. ಭಾನುವಾರ ರಾತ್ರಿ ದಾಳಿಯಾದರೆ ಆ ಫೋನ್ ಮಾಡುವವರು ಯಾರು? ಕುಲಸಚಿವರು, ಪರೀಕ್ಷಾ ವಿಭಾಗ, ಕಾಲೇಜುಗಳ ಪ್ರಾಂಶುಪಾಲರಿಗೆ ಸುದ್ದಿ ಮುಟ್ಟಿಸುವವರು ಯಾರು? ವರ್ಷಕ್ಕೊಮ್ಮೆಯಾದರೂ ಇದರ ಅಣಕು ತಾಲೀಮು ನಡೆಯಬೇಕು.

ವಿದ್ಯಾರ್ಥಿಗಳಾದ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಕೊನೆಯ ದಿನ ಸರ್ವರ್ ನಿಂತರೆ ಗಡುವು ತಾನಾಗಿಯೇ ಮುಂದಕ್ಕೆ ಹೋಗಬೇಕು, ದಂಡ ಬೀಳಬಾರದು. ಯಾರನ್ನು ಸಂಪರ್ಕಿಸಬೇಕೆಂಬ ವಿವರ ಕಾಲೇಜಿನ ಸೂಚನಾ ಫಲಕದಲ್ಲಿ ಮೊದಲೇ ಇರಬೇಕು. ಅಲ್ಲಿಯವರೆಗೆ ನಮ್ಮ ಪಾಲಿನ ಎಚ್ಚರ ನಮಗಿರಲಿ: ಶುಲ್ಕದ ರಸೀದಿ, ಅಂಕಪಟ್ಟಿ ಡಿಜಿಲಾಕರ್‌ನಲ್ಲೂ ಇರಲಿ, ಮನೆಯ ಫೈಲಿನಲ್ಲೊಂದು ಪ್ರಿಂಟೂ ಇರಲಿ.