ಅಮಾವಾಸ್ಯೆಯ ದಿನ ನಮ್ಮ ಲೆಕ್ಕ ನಾವೇ ನೋಡೋಣ

ಅಮಾವಾಸ್ಯೆಯ ಬೆಳಿಗ್ಗೆ ದಾಂಡೇಲಿಯಿಂದ ಹಳಿಯಾಳದವರೆಗೆ ಬಂದು ನೋಡಿ, ರಸ್ತೆಯುದ್ದಕ್ಕೂ ನಮ್ಮ ಭಯಗಳ ಮೆರವಣಿಗೆ. ಕಾಗದ ಕಾರ್ಖಾನೆಗೆ ಕಟ್ಟಿಗೆ ಹೊರುವ ಲಾರಿಗಳ ಗಾಲಿಯಡಿ ನಿಂಬೆಹಣ್ಣು, ಕಬ್ಬಿನ ಟ್ರ್ಯಾಕ್ಟರಿನ ಮುಂದೆ ಮೆಣಸಿನಕಾಯಿಯ ಸರ, ಅಂಗಡಿಯ ಬಾಗಿಲಲ್ಲಿ ಒಡೆದ ಬೂದುಗುಂಬಳ. ಬಸ್ ಕಂಡಕ್ಟರನಾಗಿ ದುಡಿದು ನಿವೃತ್ತನಾದ ನಾನು ಇದನ್ನೆಲ್ಲ ಫುಟ್‌ಬೋರ್ಡಿನ ಮೇಲೆ ನಿಂತೇ ನೋಡಿದವನು. ನಮ್ಮ ಡ್ರೈವರುಗಳೂ ನಿಂಬೆಹಣ್ಣು ಇಟ್ಟೇ ಗಾಡಿ ತೆಗೆಯುತ್ತಿದ್ದರು. ನಿಂಬೆಹಣ್ಣಿನ ಮೇಲೆ ನನ್ನ ತಕರಾರಿಲ್ಲ. ಕೆಟ್ಟದ್ದೆಲ್ಲ ಬೇರೆಯವರ ಕಣ್ಣಿನಿಂದಲೇ ಬರುತ್ತದೆ ಎಂದು ತಿಂಗಳಿಗೊಮ್ಮೆ ನಮಗೆ ನಾವೇ ಹೇಳಿಕೊಳ್ಳುತ್ತೇವಲ್ಲ, ತಕರಾರು ಇರುವುದು ಅದರ ಮೇಲೆ.

ಅದೇ ಹೊತ್ತಿಗೆ ಮುಂಡಗೋಡದಲ್ಲಿ ಬೇರೆಯೇ ಕೆಲಸ ನಡೆದಿರುತ್ತದೆ. 1966ರಲ್ಲಿ ಅಲ್ಲಿ ಟಿಬೆಟಿಯನ್ ನಿರಾಶ್ರಿತರ ಕಾಲನಿ ಶುರುವಾಯಿತು. ಲಾಸಾ ಸಮೀಪದ ಗಾಂದೆನ್ ಮತ್ತು ದ್ರೆಪುಂಗ್ ಮಠಗಳ ಭಿಕ್ಷುಗಳು ಬಂದು ತಮ್ಮ ಮಠಗಳನ್ನು ಇಲ್ಲಿ ಮತ್ತೆ ಕಟ್ಟಿಕೊಂಡರು. ಹುಬ್ಬಳ್ಳಿ ಬಸ್ಸಿನಲ್ಲಿ ಕೆಂಪು ಬಟ್ಟೆಯ ಆ ಹುಡುಗರು ನನಗೆ ದಿನದ ಗಿರಾಕಿಗಳು. ಒಬ್ಬನನ್ನು ಕೇಳಿದ್ದೆ, ‘ಅಮಾಸಿ ದಿನಾ ನೀವೇನ್ ಪೂಜಾ ಮಾಡ್ತೀರಿ?’ ಅವ ತನ್ನ ಹರುಕು ಕನ್ನಡದಲ್ಲಿ ಹೇಳಿದ, ‘ಪೂಜಾ ಅಲ್ಲ ಅಣ್ಣಾ, ತಪ್ಪು ಹೇಳ್ತೀವಿ.’

ಅವರು ಅದನ್ನು ಸೋಜೊಂಗ್ ಎನ್ನುತ್ತಾರೆ. ಹುಣ್ಣಿಮೆಗೊಮ್ಮೆ, ಅಮಾವಾಸ್ಯೆಗೊಮ್ಮೆ ಭಿಕ್ಷುಗಳು ಸಭೆ ಸೇರುತ್ತಾರೆ. ಅವರ ಪಂಚಾಂಗಕ್ಕೂ ನಮ್ಮದಕ್ಕೂ ಒಮ್ಮೊಮ್ಮೆ ಒಂದು ದಿನದ ಅಂತರ ಬೀಳುವುದುಂಟು. ಪೂರ್ಣ ದೀಕ್ಷೆ ಪಡೆದ ಟಿಬೆಟಿಯನ್ ಭಿಕ್ಷು ಪಾಲಿಸಬೇಕಾದ ನಿಯಮಗಳು 253. ಹದಿನೈದು ದಿನಗಳಲ್ಲಿ ಯಾವುದನ್ನು ಮೀರಿದೆ ಎಂದು ನೆನೆದು, ಇನ್ನೊಬ್ಬ ಭಿಕ್ಷುವಿನ ಎದುರು ಒಪ್ಪಿಕೊಂಡು, ಇನ್ನು ಮುಂದೆ ತಡೆದುಕೊಳ್ಳುತ್ತೇನೆಂದು ಮಾತು ಕೊಟ್ಟ ಮೇಲೆ ಪ್ರಾತಿಮೋಕ್ಷ ಸೂತ್ರದ ಪಠಣ. ಇದು ಬುದ್ಧನ ಕಾಲದ ಪದ್ಧತಿ. ಬೇರೆ ಪಂಥದವರು ಇಂಥ ದಿನಗಳಲ್ಲಿ ಸೇರುವುದನ್ನು ಕಂಡ ಮಗಧದ ದೊರೆ ಬಿಂಬಿಸಾರನೇ ಬುದ್ಧನಿಗೆ ಈ ಸಲಹೆ ಕೊಟ್ಟನೆಂದು ವಿನಯ ಗ್ರಂಥಗಳು ಹೇಳುತ್ತವೆ. ಜೈನರಲ್ಲೂ ಪಕ್ಷಕ್ಕೊಮ್ಮೆ ಪ್ರತಿಕ್ರಮಣವಿದೆ. ಅಂದರೆ ಚಂದ್ರನನ್ನು ನೋಡಿ ತನ್ನ ನಡತೆಯ ಲೆಕ್ಕ ಹಾಕುವುದು ಈ ನೆಲದ ಹಳೆಯ ರೂಢಿ. ಮೊಬೈಲಿನಲ್ಲಿ ‘ಅಮಾವಾಸ್ಯೆಯ ರಾತ್ರಿ ಬೇಡಿದ್ದು ಬರೆದಿಡಿ, ಸಿಗುತ್ತದೆ’ ಎಂದು ದುಡ್ಡು ಕೇಳುವವರು ಈಗ ಬಂದವರು.

ನಮ್ಮ ರೈತರೂ ಅಂಗಡಿಕಾರರೂ ಅಮಾವಾಸ್ಯೆಗಳಿಗೆ ಒಂದೊಂದು ಕೆಲಸ ಹಚ್ಚಿದ್ದಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಉಳುವ ಎತ್ತಿನ ನೆನಪು, ಮಹಾಲಯಕ್ಕೆ ಹಿರಿಯರಿಗೆ ಎಡೆ, ದೀಪಾವಳಿಗೆ ಅಂಗಡಿಯ ಖಾತೆ ಪುಸ್ತಕಕ್ಕೆ ಪೂಜೆ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ. ಮಿಕ್ಕ ಅಮಾವಾಸ್ಯೆಗಳಲ್ಲೂ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಎತ್ತಿಗೆ ಸಿಕ್ಕ ಈ ಬಿಡುವನ್ನು ಮನುಷ್ಯರಾದ ನಾವು ಬಳಸಿಕೊಂಡಿಲ್ಲ ಎನ್ನುವುದೇ ನನ್ನ ಮಾತು.

‘ಶರಣರ ನಾಡಿನಲ್ಲಿ ತಿಥಿಯ ಮಾತೇಕೆ?’ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಜೋಯಿಡಾ ತಾಲೂಕಿನ ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿ ಇದೆ. ಒಳ್ಳೆಯ ದಿನ, ಕೆಟ್ಟ ದಿನ ಎಂಬುದನ್ನೇ ಒಪ್ಪದ ಪರಂಪರೆ ಅವರದು. ನಾನೂ ಒಪ್ಪುವುದಿಲ್ಲ. ಚಂದ್ರನು ಸೂರ್ಯನ ದಿಕ್ಕಿಗೇ ಬಂದಾಗ ಅವನ ಬೆಳಕಿನ ಮುಖ ನಮಗೆ ಕಾಣುವುದಿಲ್ಲ, ಅಮಾವಾಸ್ಯೆ ಎಂದರೆ ಇಷ್ಟೇ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29 ದಿನ 12 ಗಂಟೆ 44 ನಿಮಿಷ. ಅದರಿಂದ ಯಾರ ಹಣೆಬರಹವೂ ಬದಲಾಗದು. ಆದರೆ ಉಳವಿ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ಚಕ್ಕಡಿಗಳು ಯಾರೂ ಕರೆಯದೆಯೇ ಮಾಘ ಮಾಸದಲ್ಲಿ ಹೊರಡುತ್ತವೆ. ತಿಥಿಗೆ ಶಕ್ತಿ ಇಲ್ಲದಿದ್ದರೂ ಅದು ಎಲ್ಲರ ನೆನಪಿನಲ್ಲಿ ಉಳಿಯುತ್ತದೆ, ನನಗೆ ಬೇಕಾದದ್ದು ಅಷ್ಟೇ.

ಜನವರಿ ಒಂದರ ಸಂಕಲ್ಪಗಳು ಸಂಕ್ರಾಂತಿ ದಾಟುವುದಿಲ್ಲ, ಏಕೆಂದರೆ ಮತ್ತೆ ಲೆಕ್ಕ ಕೇಳುವ ದಿನ ವರ್ಷದಾಚೆ ಇರುತ್ತದೆ. ನಮ್ಮ ಬದುಕು ನಡೆಯುವುದು ತಿಂಗಳ ಅಳತೆಯಲ್ಲಿ. ಪಗಾರ, ರೇಷನ್, ಕರೆಂಟ್ ಬಿಲ್ಲು, ಬ್ಯಾಂಕಿನ ಕಂತು, ಎಲ್ಲವೂ ತಿಂಗಳಿಗೊಮ್ಮೆ. ಹಾಗಾದರೆ ಒಂದನೇ ತಾರೀಕು ಆಗದೇ? ಆಗದು. ಅಂದು ಮನೆಯಲ್ಲಿ ದುಡ್ಡಿನ ಮಾತೇ ನಡೆಯುತ್ತದೆ, ಬೇರೆ ಮಾತಿಗೆ ಜಾಗವಿರುವುದಿಲ್ಲ.

ಕಂಡಕ್ಟರನ ಕೆಲಸದಲ್ಲಿ ಲೆಕ್ಕ ಬಾಕಿ ಇಡುವ ಹಾಗಿಲ್ಲ. ಡ್ಯೂಟಿ ಮುಗಿದೊಡನೆ ಡಿಪೋದಲ್ಲಿ ವೇಬಿಲ್ಲಿನೊಂದಿಗೆ ಕ್ಯಾಶ್ ಕಟ್ಟಬೇಕು, ಕಡಿಮೆ ಬಿದ್ದರೆ ಸ್ವಂತ ಕಿಸೆಯಿಂದ. ಪ್ರಯಾಣಿಕರ ಚಿಲ್ಲರೆ ಮಾತ್ರ ಬೇರೆ. ‘ಅಕ್ಕಾ, ಚಿಲ್ಲರೆ ಇಲ್ರಿ, ಇಳಿಯೂ ಮುಂದ ಕೇಳ್ರಿ’ ಎಂದು ಟಿಕೆಟ್ಟಿನ ಹಿಂದೆ ಬರೆದು ಕೊಡುತ್ತಿದ್ದೆವು. ಗದ್ದಲದಲ್ಲಿ ಆಕೆ ಮರೆತು ಇಳಿದುಬಿಡುತ್ತಿದ್ದಳು. ಮನೆಯವರಿಗೆ, ಗೆಳೆಯರಿಗೆ ನಾವು ಕೊಟ್ಟ ಮಾತುಗಳೂ ಹೀಗೇ. ಕೇಳುವವರು ಮರೆತರೂ ಬಾಕಿ ನಮ್ಮ ಹತ್ತಿರವೇ ಇರುತ್ತದೆ.

ಅದಕ್ಕೇ ನಾನು ಅಮಾವಾಸ್ಯೆಯ ಸಂಜೆ ಟಿವಿ ಬಂದ್ ಮಾಡಿ ಹಳೆಯ ಡೈರಿಯಲ್ಲಿ ಮೂರು ಸಾಲು ಬರೆಯುತ್ತೇನೆ. ಈ ತಿಂಗಳು ಯಾರಿಗೆ ಕೊಟ್ಟ ಮಾತು ಉಳಿದಿದೆ? ಯಾರ ಮೇಲೆ ಸುಮ್ಮನೆ ಸಿಟ್ಟು ಇಟ್ಟುಕೊಂಡಿದ್ದೇನೆ? ಮುಂದಿನ ಅಮಾವಾಸ್ಯೆಯೊಳಗೆ ಮುಗಿಸುವ ಒಂದು ಕೆಲಸ ಯಾವುದು? ‘ಒಳ್ಳೆಯವನಾಗುತ್ತೇನೆ’ ಎಂದು ಬರೆಯುವುದಿಲ್ಲ, ಅದನ್ನು ಯಾರೂ ತಪಾಸಣೆ ಮಾಡಲಾರರು. ‘ಜೋಯಿಡಾದ ಅಕ್ಕನ ಮನೆಗೆ ಹೋಗಿ ಒಂದು ರಾತ್ರಿ ಇದ್ದು ಬರುವುದು’ ಎಂದು ಬರೆಯುತ್ತೇನೆ. ಬರೆದದ್ದನ್ನು ಹೆಂಡತಿಗೆ ಓದಿ ಹೇಳುತ್ತೇನೆ. ಮುಂಡಗೋಡದ ಭಿಕ್ಷುಗಳಿಂದ ಕಲಿಯಬೇಕಾದದ್ದು ಇದನ್ನೇ. ಒಬ್ಬರ ಎದುರಿಗಾದರೂ ಬಾಯಿಬಿಟ್ಟು ಹೇಳದ ಸಂಕಲ್ಪಕ್ಕೆ ಸಾಕ್ಷಿಯಿಲ್ಲ, ಸಾಕ್ಷಿಯಿಲ್ಲದ್ದು ನಡೆಯುವುದೂ ಕಡಿಮೆ.

ಇದಕ್ಕೆ ಖರ್ಚಿಲ್ಲ, ಗುರು ಬೇಕಿಲ್ಲ, ಜಾತಿ ಧರ್ಮ ಅಡ್ಡ ಬರುವುದಿಲ್ಲ. ಕ್ಯಾಲೆಂಡರಿನಲ್ಲಿ ಕಪ್ಪು ಚಂದ್ರನ ಗುರುತು ಎಲ್ಲರ ಮನೆಯ ಗೋಡೆಯ ಮೇಲೂ ಇದೆ. ಬರುವ ಅಮಾವಾಸ್ಯೆಗೆ ಮನೆಯವರೆಲ್ಲ ಒಂದರ್ಧ ಗಂಟೆ ಕೂತುಕೊಳ್ಳಿ, ಒಬ್ಬೊಬ್ಬರು ಒಂದೇ ಒಂದು ಕೆಲಸ ಆರಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿ. ತಿಂಗಳೊಳಗೆ ಅದನ್ನು ಮಾಡಿ. ಆಗದಿದ್ದರೆ ಹೊಸದನ್ನು ಬರೆಯಬೇಡಿ, ಹಳೆಯದನ್ನೇ ಮುಂದಿನ ತಿಂಗಳಿಗೂ ಮೊದಲ ಸಾಲಿನಲ್ಲಿ ಬರೆಯಿರಿ.