ಅಗ್ಗದ ದೇಶದ ಲೆಕ್ಕಾಚಾರ

ಮನೆಯಲ್ಲೇ ಕುಳಿತು ಕಂಪ್ಯೂಟರ್ ಕೆಲಸ ಮಾಡುವ ಯುವಜನರು ಇಂದು ಮಂಗಳೂರಿನಂತೆ ವಿಜಯಪುರದ ಅಥಣಿ ರಸ್ತೆಯಲ್ಲೂ ಇದ್ದಾರೆ. ಇದೇ ಕೆಲಸವನ್ನು ಖರ್ಚು ಕಡಿಮೆಯಿರುವ ಹೊರದೇಶದಲ್ಲಿದ್ದು ಮಾಡಬಾರದೇಕೆ ಎಂಬ ಪ್ರಶ್ನೆ ಅವರಲ್ಲಿ ಏಳುವುದು ಸಹಜ. ಆದರೆ ಅಲ್ಲಿನ ಬಾಡಿಗೆ, ಊಟದ ದರಕ್ಕಿಂತ ಮೊದಲು ವೀಸಾ ನಿಯಮ ನೋಡಬೇಕು.

ಮಲೇಶಿಯಾ 2022ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಐ.ಟಿ. ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ಆದಾಯವಿರಬೇಕು. ಅಂದರೆ ಸುಮಾರು 20 ಲಕ್ಷ ರೂಪಾಯಿ. ತಿಂಗಳಿಗೆ 60 ಸಾವಿರ ಸಂಬಳದವರಿಗೆ ಆ ಬಾಗಿಲು ಮುಚ್ಚಿದಂತೆಯೇ. ಥಾಯ್ಲೆಂಡ್ 2024ರ ಜುಲೈಯಲ್ಲಿ ತಂದ ಐದು ವರ್ಷದ ವೀಸಾಕ್ಕೆ 5 ಲಕ್ಷ ಬಾಟ್ ಉಳಿತಾಯ ತೋರಿಸಬೇಕು. ಅದು 13 ಲಕ್ಷ ರೂಪಾಯಿಗೂ ಮೇಲೆ. ವರ್ಷದಲ್ಲಿ 180 ದಿನ ಅಲ್ಲಿದ್ದವರು ತರಿಸಿಕೊಳ್ಳುವ ಹಣಕ್ಕೆ ತೆರಿಗೆಯೂ ಬರಬಹುದು. ತಿಕೋಟಾದಲ್ಲಿ ಸ್ವಂತ ಮನೆಯಿರುವವರಿಗಂತೂ ಯಾವ ದೇಶವೂ ಅಷ್ಟೇನೂ ಅಗ್ಗವಲ್ಲ! ಹೊರಡಲೇಬೇಕೆನ್ನುವವರು ಟಿಕೇಟಿಗೆ ಮೊದಲು ಕಂಪನಿಯ ಲಿಖಿತ ಒಪ್ಪಿಗೆ ಪಡೆಯಲಿ.